ಚನ್ನಮ್ಮನ ಪಾತ್ರ ಮುಗಿದ ಮೇಲೆ

ಬೈಲಹೊಂಗಲ, ಸವದತ್ತಿ, ರಾಮದುರ್ಗದ ಕಡೆಯ ಯಾವುದೇ ಶಾಲೆಯ ಗ್ಯಾದರಿಂಗಿಗೆ ಹೋಗಿ, ಕಿತ್ತೂರು ಚನ್ನಮ್ಮ ವೇದಿಕೆಗೆ ಬಂದೇ ಬರುತ್ತಾಳೆ. ಹಣೆಗೆ ವಿಭೂತಿ, ಮೈಗೆ ತಾಯಿಯ ಇಳಕಲ್ ಸೀರೆ, ಕೈಯಲ್ಲಿ ರಟ್ಟಿನ ಖಡ್ಗ. ಏಳನೆಯ ತರಗತಿಯ ಹುಡುಗಿ ಥ್ಯಾಕರೆಗೆ ಸವಾಲು ಹಾಕಿದಾಗ ಚಪ್ಪಾಳೆಯೋ ಚಪ್ಪಾಳೆ. ಅಪ್ಪ ಅವ್ವ ಬೀಗುತ್ತಾರೆ. ಮೂರು ವರ್ಷ ಕಳೆದು ಅದೇ ಹುಡುಗಿ ಎಸ್ಸೆಸ್ಸೆಲ್ಸಿ ಪಾಸಾಗಿ, ವಿಜ್ಞಾನ ಓದುತ್ತೇನೆ ಎಂದರೆ ಮಾತ್ರ ಮನೆಯಲ್ಲಿ ಬೇರೆ ಲೆಕ್ಕ ಶುರುವಾಗುತ್ತದೆ. ಕಾಲೇಜು ದೂರ, ಬಸ್ಸು ಸರಿಯಿಲ್ಲ, ಹೆಣ್ಣು ಹುಡುಗಿಗೆ ಇಷ್ಟು ಸಾಕು!

ಎಳೆಯ ವೀರರನ್ನು ನೆನೆಯುವ ಪದ್ಧತಿ ಎಲ್ಲ ದೇಶಗಳಲ್ಲೂ ಇದೆ. ಮೆಕ್ಸಿಕೋದ ಚಪುಲ್ಟೆಪೆಕ್ ಕೋಟೆಯಲ್ಲಿ ಸೈನಿಕ ಶಾಲೆಯೊಂದಿತ್ತು. 1847ರ ಸೆಪ್ಟೆಂಬರ್ 13ರಂದು ಅಮೆರಿಕದ ಸೈನ್ಯ ಆ ಕೋಟೆಯ ಮೇಲೆ ದಾಳಿ ಮಾಡಿದಾಗ ಹೋರಾಡಿ ಮಡಿದ ಆರು ಕೆಡೆಟ್‌ಗಳನ್ನು ಆ ದೇಶ ‘ವೀರ ಬಾಲಕರು’ ಎಂದು ಪೂಜಿಸುತ್ತದೆ. ಆರು ಮಂದಿಯೂ ಇಪ್ಪತ್ತರೊಳಗಿನವರು. ಒಬ್ಬನು ಧ್ವಜವನ್ನು ಮೈಗೆ ಸುತ್ತಿಕೊಂಡು ಕೋಟೆಯಿಂದ ಧುಮುಕಿದನೆಂಬುದು ಅಲ್ಲಿನ ಜನಪ್ರಿಯ ಕಥೆ. ಇತಿಹಾಸಕಾರರು ಅದನ್ನು ಪೂರ್ತಿ ಒಪ್ಪುವುದಿಲ್ಲ. ಯುದ್ಧ ನಡೆದು ನೂರು ವರ್ಷಕ್ಕೆ, 1947ರಲ್ಲಿ, ಅಮೆರಿಕದ ಅಧ್ಯಕ್ಷ ಟ್ರೂಮನ್ ಅವರೇ ಅಲ್ಲಿಗೆ ಹೋಗಿ ಹೂಮಾಲೆ ಇಟ್ಟು ತಲೆಬಾಗಿದರು.

ನಮ್ಮಲ್ಲಿಯೂ ನೆನಪಿಗೆ ಕೊರತೆಯಿಲ್ಲ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಥ್ಯಾಕರೆ ಸತ್ತ ದಿನವೇ ಇಂದು ಕಿತ್ತೂರು ಉತ್ಸವದ ದಿನ. ಡಿಸೆಂಬರಿನಲ್ಲಿ ಕೋಟೆ ಬಿತ್ತು. ಸೆರೆಯಾದ ಚನ್ನಮ್ಮ 1829ರಲ್ಲಿ ಬೈಲಹೊಂಗಲದಲ್ಲಿ ತೀರಿಕೊಂಡಳು; ಅವಳ ಸಮಾಧಿ ಅಲ್ಲಿಯೇ ಇದೆ. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು.

ಆದರೆ ಕಿತ್ತೂರಿನಲ್ಲಿ ಕೋಟೆಯಷ್ಟೇ ಇಲ್ಲ, ಒಂದು ಶಾಲೆಯೂ ಇದೆ. 1969ರಲ್ಲಿ ಆರಂಭವಾದ, ರಾಣಿ ಚನ್ನಮ್ಮನ ಹೆಸರಿನ ಬಾಲಕಿಯರ ಸೈನಿಕ ವಸತಿ ಶಾಲೆ. ಪ್ರವೇಶ ಪರೀಕ್ಷೆ ಬರೆದು ಆರನೆಯ ತರಗತಿಗೆ ಸೇರುವ ಹುಡುಗಿಯರು ಸಮವಸ್ತ್ರ ತೊಟ್ಟು ಕವಾಯತು ಮಾಡುತ್ತಾರೆ, ಕುದುರೆ ಸವಾರಿ ಕಲಿಯುತ್ತಾರೆ. ವಿಜಾಪುರದ ಸೈನಿಕ ಶಾಲೆಯ ಹುಡುಗರೂ ಕಲಿಯುತ್ತಿದ್ದುದು ಇದನ್ನೇ. ಆದರೆ ಹನ್ನೆರಡನೆಯ ತರಗತಿ ಮುಗಿದ ಮೇಲೆ ದಾರಿ ಕವಲೊಡೆಯುತ್ತಿತ್ತು. ಹುಡುಗರು ಪುಣೆಯ ಹತ್ತಿರದ ಖಡಕವಾಸಲಾದಲ್ಲಿರುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪರೀಕ್ಷೆಗೆ ಕೂಡುತ್ತಿದ್ದರು. ಹುಡುಗಿಯರಿಗೆ ಆ ಪರೀಕ್ಷೆಯೇ ಇರಲಿಲ್ಲ. 1992ರಿಂದ ಮಹಿಳೆಯರು ಸೇನೆಯ ಕೆಲವು ವಿಭಾಗಗಳಲ್ಲಿ ಅಧಿಕಾರಿಗಳಾಗಲು ಅವಕಾಶ ಸಿಕ್ಕಿತು, ಅದೂ ಪದವಿಯ ನಂತರ.

ಐವತ್ತು ವರ್ಷಕ್ಕೂ ಮಿಕ್ಕಿ ಹೀಗೇ ನಡೆಯಿತು. ಕುದುರೆ ಏರಿ ಖಡ್ಗ ಹಿಡಿದ ರಾಣಿಯ ಹೆಸರಿನಲ್ಲಿ ಶಾಲೆ ಕಟ್ಟಿದೆವು, ಆ ಶಾಲೆಯ ಹುಡುಗಿಯರಿಗೆ ಅಕಾಡೆಮಿಯ ಬಾಗಿಲು ಹಾಕಿಯೇ ಇಟ್ಟಿದ್ದೆವು. 2021ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಆದೇಶ ಕೊಟ್ಟ ಮೇಲೆ ಆ ಬಾಗಿಲು ತೆರೆಯಿತು. 2022ರಲ್ಲಿ ಮೊದಲ ತಂಡ ಒಳಗೆ ಹೋಯಿತು. 2025ರ ಮೇ 30ರಂದು 17 ಯುವತಿಯರು ಹುಡುಗರ ಜೊತೆಗೇ ಹೆಜ್ಜೆ ಹಾಕಿ ಹೊರಬಂದರು.

ವಿದ್ಯಾರ್ಥಿನಿಯರು ಇದರಲ್ಲಿ ಗಮನಿಸಬೇಕಾದ ಒಂದು ವಿಷಯವಿದೆ. ಈ ಅಕಾಡೆಮಿಯ ಮೂಲಕ ವಾಯುಪಡೆ, ನೌಕಾಪಡೆ ಸೇರಬೇಕಾದರೆ ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಇರಲೇಬೇಕು. ‘ಲೆಕ್ಕ ಹುಡುಗಿಯರಿಗೆ ಕಠಿಣ’ ಎಂಬ ಮಾತು ಕೇಳಿ ಹತ್ತನೆಯ ತರಗತಿಯಲ್ಲೇ ಗಣಿತಕ್ಕೆ ಕೈಮುಗಿದವರಿಗೆ, ಕೋರ್ಟು ತೆರೆಸಿದ ಬಾಗಿಲೂ ಅರ್ಧ ಮುಚ್ಚಿದಂತೆಯೇ.

ಎಲ್ಲ ಹುಡುಗಿಯರೂ ಸೈನ್ಯಕ್ಕೇ ಸೇರಬೇಕೆಂದಲ್ಲ. ಒಬ್ಬಳಿಗೆ ನರ್ಸಿಂಗ್ ಬೇಕಾದೀತು, ಇನ್ನೊಬ್ಬಳಿಗೆ ಐಟಿಐ, ಮತ್ತೊಬ್ಬಳಿಗೆ ಬಿಎಸ್ಸಿ. ಮಡಿದವರಿಗೆ ಹೂಮಾಲೆ ಹಾಕುವುದು ಸುಲಭ, ಮಾಲೆ ಒಂದು ದಿನದ ಖರ್ಚು. ಬದುಕಿರುವ ಮಗಳನ್ನು ಓದಿಸಲು ಎರಡು ವರ್ಷದ ಹಾಸ್ಟೆಲಿನ ಶುಲ್ಕ, ನೆಂಟರ ಕೊಂಕು ಮಾತು ತಡೆದುಕೊಳ್ಳುವ ಗಟ್ಟಿತನ, ಇವೆಲ್ಲ ಬೇಕು.

ಈ ವರ್ಷವೂ ಗ್ಯಾದರಿಂಗ್ ನಡೆಯುತ್ತದೆ, ಚನ್ನಮ್ಮನ ಪಾತ್ರಕ್ಕೆ ಚಪ್ಪಾಳೆ ಬೀಳುತ್ತದೆ. ಪಾತ್ರ ಮುಗಿಸಿ ಮನೆಗೆ ಬಂದ ಮಗಳನ್ನು ಅಪ್ಪ ಅವ್ವ ಪಕ್ಕದಲ್ಲಿ ಕೂಡಿಸಿಕೊಂಡು, ‘ಮುಂದ ಏನ್ ಓದ್ತಿಯವ್ವಾ?’ ಎಂದು ಒಮ್ಮೆ ಕೇಳಲಿ. ಉತ್ತರವನ್ನು ಪೂರ್ತಿ ಕೇಳಿಸಿಕೊಳ್ಳಲಿ.