ಮರಿಯ ಎದೆಯ ಮರ್ಮರ

ಕೂಳೂರಿನ ಒಂದು ಮನೆಗೆ ಎಂಟು ವಾರದ ನಾಯಿಮರಿಯೊಂದು ಬಂದಿತೆಂದು ಭಾವಿಸೋಣ. ಮರಿ ಚುರುಕಾಗಿದೆ, ತಟ್ಟೆಯನ್ನು ನೆಕ್ಕಿ ಬರಿದು ಮಾಡುತ್ತದೆ, ಅಂಗಳದಲ್ಲೆಲ್ಲ ಓಡುತ್ತದೆ, ಚಪ್ಪಲಿಗಳನ್ನು ಕಚ್ಚುತ್ತದೆ. ಲಸಿಕೆ ಹಾಕಿಸಲು ಕರೆದೊಯ್ದಾಗ ಪಶುವೈದ್ಯರು ಅದರ ಎದೆಗೆ ಸ್ಟೆತಾಸ್ಕೋಪನ್ನಿಟ್ಟು, ಇನ್ನೊಮ್ಮೆ ಗಮನವಿಟ್ಟು ಆಲಿಸಿ, “ಹೃದಯದಲ್ಲಿ ಮರ್ಮರ ಕೇಳಿಸುತ್ತಿದೆ” ಎನ್ನುತ್ತಾರೆ. ಮನೆಯವರ ಮುಖ ಬಾಡುತ್ತದೆ. ಮಾರಿದವನಿಗೇ ಹಿಂದಿರುಗಿಸಿ ಬೇರೊಂದನ್ನು ತರೋಣವೆಂದು ಒಬ್ಬರು ಹೇಳುತ್ತಾರೆ. ಇಷ್ಟು ಚೆನ್ನಾಗಿ ಓಡಾಡುವ ಮರಿಗೆ ಏನಾದೀತು, ಸುಮ್ಮನಿರಿ ಎಂದು ಇನ್ನೊಬ್ಬರು. ನಮ್ಮ ಅಭಿಪ್ರಾಯದಲ್ಲಿ ಈ ಎರಡು ಮಾತುಗಳೂ ತಪ್ಪು. ಮರ್ಮರವು ಹೃದಯ ಮುಂದಿಡುವ ಒಂದು ಪ್ರಶ್ನೆ. ಉತ್ತರ ದೊರೆಯುವ ಮುನ್ನ ತೀರ್ಪು ಕೊಡುವ ಅಧಿಕಾರ ನಮಗಿಲ್ಲ.

ಆರೋಗ್ಯವಾಗಿರುವ ಹೃದಯದಲ್ಲಿ ಸ್ಪಷ್ಟವಾಗಿ ಕೇಳಿಸುವ ಸದ್ದುಗಳು ಎರಡು. ಕವಾಟಗಳು ಮುಚ್ಚಿಕೊಳ್ಳುವಾಗ ಹುಟ್ಟುವ ಇವನ್ನು ‘ಲಬ್-ಡಬ್’ ಎಂದು ಅನುಕರಿಸುವುದುಂಟು. ಇವುಗಳ ನಡುವೆ ಸುಯ್ಯೆಂಬ ಧ್ವನಿಯೊಂದು ಸೇರಿಕೊಂಡರೆ ಅದೇ ಮರ್ಮರ. ಅದು ಹುಟ್ಟುವ ಬಗೆಯನ್ನು ತಿಳಿಯಲು ಕೂಳೂರಿನ ವಿದ್ಯಾರ್ಥಿಗಳು ದೂರ ಹೋಗಬೇಕಾಗಿಲ್ಲ. ಫಲ್ಗುಣಿಯೆಂದೂ ಹೆಸರುಳ್ಳ ಗುರುಪುರ ನದಿಯು ಅಗಲವಾದ ಪಾತ್ರದಲ್ಲಿ ಸದ್ದಿಲ್ಲದೆ ಸಾಗುತ್ತದೆ. ಮಳೆಗಾಲದ ಸೆಳವಿನಲ್ಲಿ ಹೆದ್ದಾರಿಯ ಸೇತುವೆಯ ಕಂಬಗಳ ನಡುವೆ ನುಗ್ಗುವಾಗ ಸುಳಿಗಟ್ಟಿ ಮೊರೆಯುತ್ತದೆ. ರಕ್ತದ ರೀತಿಯೂ ಹೀಗೆಯೇ. 1883ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಎಂಬ ವಿಜ್ಞಾನಿ ಗಾಜಿನ ಕೊಳವೆಯಲ್ಲಿ ನೀರಿನೊಡನೆ ಬಣ್ಣದ ಎಳೆಯೊಂದನ್ನು ಹರಿಯಿಸಿದನು. ವೇಗ ಮಿತಿಮೀರಿದೊಡನೆ ನೆಟ್ಟಗಿದ್ದ ಎಳೆ ಕದಡಿ ಸುಳಿಸುಳಿಯಾಯಿತು. ದ್ರವ ತೆಳುವಾದಷ್ಟೂ, ವೇಗ ಹೆಚ್ಚಿದಷ್ಟೂ ಸುಳಿಗಳು ಸುಲಭವಾಗಿ ಏಳುತ್ತವೆ.

ಎಳೆಯ ಮರಿಯಲ್ಲಿ ಈ ಎರಡೂ ಕಾರಣಗಳು ಕೂಡಿಬರುತ್ತವೆ. ಹುಟ್ಟಿದ ಮೊದಲ ಕೆಲವು ವಾರಗಳಲ್ಲಿ ಅದರ ರಕ್ತದ ಕೆಂಪುಕಣಗಳ ಪ್ರಮಾಣ ಇಳಿದು, ಆಮೇಲೆ ಮೆಲ್ಲಗೆ ಏರುತ್ತದೆ; ಅಷ್ಟು ಕಾಲವೂ ರಕ್ತ ತೆಳುವಾಗಿರುತ್ತದೆ. ಹೃದಯದ ಬಡಿತವೂ ತೀವ್ರ. ಹುಟ್ಟಿದ ಹೊಸತರಲ್ಲಿ ನಿಮಿಷಕ್ಕೆ 200ರ ಆಸುಪಾಸಿನಲ್ಲಿರುತ್ತದೆ. ಆದುದರಿಂದ ಯಾವ ದೋಷವೂ ಇಲ್ಲದ ಹೃದಯದಲ್ಲಿಯೂ ಮೃದುವಾದ ಮರ್ಮರ ಕೇಳಿಬರಬಹುದು. ಇದನ್ನು ನಿರಪಾಯ ಮರ್ಮರವೆನ್ನೋಣ. ಮರಿಗೆ ನಾಲ್ಕು ಐದು ತಿಂಗಳು ತುಂಬುವ ಹೊತ್ತಿಗೆ ಇದು ಸಾಮಾನ್ಯವಾಗಿ ತಾನಾಗಿಯೇ ಅಡಗುತ್ತದೆ.

ಕರಾವಳಿಯಲ್ಲಿ ಇನ್ನೊಂದು ಕಾರಣವನ್ನೂ ಮರೆಯಬಾರದು. ಬೆಚ್ಚಗಿನ, ತೇವದ ಮರಳುಮಣ್ಣು ಕೊಕ್ಕೆಹುಳುವಿನ ಎಳೆಮರಿಗಳಿಗೆ ಒಳ್ಳೆಯ ನೆಲೆ. ಅವು ತಾಯಿಯ ಹಾಲಿನ ಮೂಲಕವೂ ನಾಯಿಮರಿಯ ಕರುಳನ್ನು ಸೇರಿ ರಕ್ತವನ್ನು ಹೀರುತ್ತವೆ. ರಕ್ತಹೀನವಾದ ಮರಿಯ ಹೃದಯದಲ್ಲಿ ಮರ್ಮರ ಕೇಳಿಸಿದರೆ ತಪ್ಪು ಹೃದಯದ್ದಲ್ಲ, ಹುಳುವಿನದು. ಒಸಡು ಬಿಳಿಚಿಕೊಂಡಿದೆಯೇ ಎಂದು ನೋಡುವುದು, ಎರಡನೆಯ ವಾರದಿಂದ ಎಂಟನೆಯ ವಾರದವರೆಗೆ ಎರಡು ವಾರಕ್ಕೊಮ್ಮೆ ವೈದ್ಯರು ಹೇಳಿದಂತೆ ಜಂತುನಾಶಕ ಕೊಡಿಸುವುದು, ಇವು ಬಡವರ ಮನೆಯಲ್ಲಿಯೂ ಸಾಧ್ಯವಾದ ಕೆಲಸಗಳು.

ಎಲ್ಲ ಮರ್ಮರಗಳೂ ಹೀಗೆ ಅಡಗುವುದಿಲ್ಲ. ಗರ್ಭದಲ್ಲಿರುವ ಮರಿ ಉಸಿರಾಡುವುದಿಲ್ಲವಾದ್ದರಿಂದ ಶ್ವಾಸಕೋಶಕ್ಕೆ ಹೋಗಬೇಕಾದ ರಕ್ತದ ಬಹುಭಾಗವನ್ನು ಒಂದು ಚಿಕ್ಕ ನಾಳವು ನೇರವಾಗಿ ಮಹಾಪಧಮನಿಗೆ ದಾಟಿಸುತ್ತದೆ. ಹುಟ್ಟಿದ ಕೆಲವೇ ದಿನಗಳಲ್ಲಿ ಈ ನಾಳ ಮುಚ್ಚಿಕೊಳ್ಳಬೇಕು. ಮುಚ್ಚದಿದ್ದರೆ ರಕ್ತ ಎಡೆಬಿಡದೆ ಹಿಮ್ಮುಖವಾಗಿ ಶ್ವಾಸಕೋಶಕ್ಕೆ ಸೋರುತ್ತ, ಗಿರಣಿಯ ಸದ್ದಿನಂತೆ ನಿರಂತರವಾದ ಮರ್ಮರವನ್ನುಂಟುಮಾಡುತ್ತದೆ. ಇಂಥ ಮರಿಯೂ ಮೊದಲಲ್ಲಿ ಲವಲವಿಕೆಯಿಂದಲೇ ಇರಬಹುದು. ಹಾಗೆಯೇ ಬಿಟ್ಟರೆ ಬಹುಪಾಲು ಮರಿಗಳು ರೋಗ ಪತ್ತೆಯಾದ ಒಂದು ವರ್ಷದೊಳಗೆ ಹೃದಯ ಸೋತು ಸಾಯುತ್ತವೆ. ಸಕಾಲದಲ್ಲಿ ನಾಳವನ್ನು ಮುಚ್ಚಿಸಿದರೆ ಉಳಿದ ನಾಯಿಗಳಂತೆಯೇ ಬಾಳುತ್ತವೆ. ‘ಸುಮ್ಮನಿರಿ’ ಎಂಬ ಸಲಹೆಯ ಬೆಲೆ ಇದು.

ಹಾಗಾದರೆ ಜೋರಾದ ಸದ್ದು ಕೆಟ್ಟದ್ದು, ಮೆಲ್ಲನೆಯ ಸದ್ದು ಒಳ್ಳೆಯದು ಎಂದು ನಿಯಮ ಮಾಡಬಹುದೆ? ಅಷ್ಟು ಸುಲಭವಲ್ಲ. ಮರ್ಮರದ ಬಲವನ್ನು ಆರು ದರ್ಜೆಗಳಲ್ಲಿ ಅಳೆಯುವ ಪದ್ಧತಿಯುಂಟು. ನಿರಪಾಯ ಮರ್ಮರಗಳು ಸಾಮಾನ್ಯವಾಗಿ ಮೊದಲ ಎರಡು ದರ್ಜೆಗಳಿಗೆ ಸೇರುತ್ತವೆ. ಮೂರನೆಯ ದರ್ಜೆಯನ್ನು ಮುಟ್ಟಿದರೆ ಹೆಚ್ಚಿನ ಪರೀಕ್ಷೆ ಅಗತ್ಯ. ಆದರೆ ಹೃದಯದ ಗೋಡೆಯಲ್ಲಿನ ಕಿರಿಯ ರಂಧ್ರವು ದೊಡ್ಡ ರಂಧ್ರಕ್ಕಿಂತ ಹೆಚ್ಚು ಸದ್ದು ಮಾಡಬಲ್ಲದು. ಮಹಾಪಧಮನಿಯ ಬುಡ ಕಿರಿದಾಗಿರುವ ದೋಷದಲ್ಲಿ, ಮೊದಲು ಮೆತ್ತಗಿದ್ದ ಮರ್ಮರ ಮರಿ ಬೆಳೆದಂತೆ ಬಲಿಯಲೂಬಹುದು. ಆದುದರಿಂದ ಒಂದು ಸಲ ಕೇಳಿದರೆ ಸಾಲದು. ಎಂಟು ವಾರಕ್ಕೊಮ್ಮೆ, ಹನ್ನೆರಡಕ್ಕೊಮ್ಮೆ, ಹದಿನಾರಕ್ಕೊಮ್ಮೆ ಆಲಿಸತಕ್ಕದ್ದು. ಲಸಿಕೆಗೆಂದು ಮರಿ ಹೇಗೂ ಆ ದಿನಗಳಲ್ಲಿ ವೈದ್ಯರ ಮುಂದೆ ನಿಲ್ಲುತ್ತದೆ. ಐದು ತಿಂಗಳ ಮೇಲೂ ಮರ್ಮರ ಉಳಿದರೆ, ಅಥವಾ ಮರಿ ಬೇಗ ದಣಿದರೆ, ಬೆಳವಣಿಗೆ ಕುಂಠಿತವಾದರೆ, ಮೂರ್ಛೆ ಹೋದರೆ, ಶ್ರವಣಾತೀತ ಧ್ವನಿಯಿಂದ ಹೃದಯದ ಚಿತ್ರ ತೆಗೆಯುವ ಎಕೋ ಪರೀಕ್ಷೆಯನ್ನು ಮಾಡಿಸಬೇಕು.

ಆ ಪರೀಕ್ಷೆಗೆ ಹಣ ಬೇಕು, ಎಲ್ಲ ಊರುಗಳಲ್ಲಿಯೂ ಅದು ದೊರೆಯುವುದಿಲ್ಲ ಎಂಬ ಆಕ್ಷೇಪಣೆ ನ್ಯಾಯವಾದದ್ದೇ. ಆದರೆ ಎಲ್ಲ ಮರಿಗಳಿಗೂ ಅದು ಬೇಡ. ಯಾವುದಕ್ಕೆ ಬೇಕೆಂಬುದನ್ನು ಆರಿಸಿಕೊಡುವುದೇ ಮತ್ತೆ ಮತ್ತೆ ಆಲಿಸುವುದರ ಪ್ರಯೋಜನ. ಅದಕ್ಕೆ ತಗಲುವುದು ಒಂದು ಕೊಳವೆ, ಐದು ನಿಮಿಷದ ಮೌನ.

ಮಾರುವವರಿಗೂ ಒಂದು ಮಾತು ಹೇಳಬೇಕಾಗಿದೆ. ನಾಯಿಗಳ ಸಂವರ್ಧನೆ ಹಾಗೂ ಮಾರಾಟಕ್ಕೆ ಸಂಬಂಧಿಸಿದ 2017ರ ಕೇಂದ್ರ ನಿಯಮಗಳು ಎಂಟು ವಾರ ತುಂಬದ ಮರಿಯನ್ನು ಮಾರಬಾರದೆಂದು ವಿಧಿಸಿವೆ. ಆ ಅವಧಿಯಲ್ಲಿ ಮರಿಯ ಎದೆಯನ್ನು ಒಮ್ಮೆ ಪರೀಕ್ಷಿಸಿ, ಕೇಳಿದ್ದನ್ನು ಬರೆದು ಕೊಳ್ಳುವವರ ಕೈಗೆ ಕೊಡುವುದು ರೂಢಿಯಾಗಬೇಕೆಂದು ನಾವು ಬಯಸುತ್ತೇವೆ. ಮುಚ್ಚದ ನಾಳದ ದೋಷವು ಪಾಮರೇನಿಯನ್, ಜರ್ಮನ್ ಶೆಫರ್ಡ್ ಮುಂತಾದ ತಳಿಗಳಲ್ಲಿ ಹೆಚ್ಚು; ಪೂಡ್ಲ್ ನಾಯಿಗಳಲ್ಲಿ ಅದು ವಂಶಪಾರಂಪರ್ಯವಾಗಿ ಬರುತ್ತದೆಂದು ಡೊನಾಲ್ಡ್ ಪ್ಯಾಟರ್ಸನ್ ಮತ್ತು ಸಂಗಡಿಗರು 1971ರಲ್ಲಿ ತೋರಿಸಿದರು. ದೋಷವುಳ್ಳ ಮರಿಯನ್ನು ಪ್ರೀತಿಯಿಂದ ಸಾಕಬಹುದು, ಅದರಿಂದ ಸಂತಾನ ಪಡೆಯಬಾರದು. ಅದನ್ನು ಹಿಂದಿರುಗಿಸಿ ಇನ್ನೊಂದನ್ನು ತರುವುದರಿಂದ ರೋಗ ಮನೆ ಬದಲಿಸೀತೇ ಹೊರತು ವಾಸಿಯಾಗಲಾರದು.

ಕೊನೆಯದಾಗಿ ಒಂದು ಋಣದ ಮಾತು. 1938ರಲ್ಲಿ ಬಾಸ್ಟನ್ನಿನ ರಾಬರ್ಟ್ ಗ್ರಾಸ್ ಒಬ್ಬ ಬಾಲಕಿಯ ಇದೇ ನಾಳವನ್ನು ಕಟ್ಟಿ ಅವಳನ್ನು ಉಳಿಸಿದನು. 1944ರಲ್ಲಿ ಬಾಲ್ಟಿಮೋರಿನಲ್ಲಿ ನೀಲಿಗಟ್ಟಿದ ಶಿಶುವೊಂದಕ್ಕೆ ನಡೆದ ಪ್ರಖ್ಯಾತ ಶಸ್ತ್ರಚಿಕಿತ್ಸೆಯನ್ನು ವಿವಿಯನ್ ಥಾಮಸ್ ಮೊದಲು ರೂಪಿಸಿ ಸಾಧಿಸಿದ್ದು ನಾಯಿಗಳ ಮೇಲೆ. ಮಕ್ಕಳ ಹೃದಯವನ್ನು ದುರಸ್ತಿ ಮಾಡುವ ವಿದ್ಯೆಯನ್ನು ಮನುಷ್ಯನು ಬಹುಮಟ್ಟಿಗೆ ನಾಯಿಗಳಿಂದ ಕಲಿತಿದ್ದಾನೆ. ಹೀಗಿರಲು, ನಮ್ಮ ಮನೆಯ ಹೊಸ್ತಿಲಲ್ಲಿ ಬಾಲವಾಡಿಸುತ್ತ ನಿಂತ ಮರಿಯ ಎದೆಯನ್ನು ಎರಡು ಮೂರು ಬಾರಿ ಆಲಿಸುವಷ್ಟು ತಾಳ್ಮೆಯನ್ನಾದರೂ ನಾವು ತೋರಿಸಬಾರದೆ?