ನೀರು ಯಾರು ಕಾಸ್ಯಾರ?

'ನಮ್ಮೂರು ಮಂಗಳೂರು' ಅಂದ ಕೂಡಲೇ ಆಫೀಸಿನಲ್ಲಿ ಎಲ್ಲರೂ ಮೀನೂಟ, ನೀರುದೋಸೆ, ಬೀಚ್ ಅಂತಾರೆ. ನಮ್ಮದು ಕೊಪ್ಪಳ ಜಿಲ್ಲೆಯ ಮಂಗಳೂರು ಕಣ್ರೀ, ಅಲ್ಲಿ ಸಮುದ್ರ ಇಲ್ಲ, ಎರೆಹೊಲ ಐತಿ ಅಂತ ಹೇಳಿ ಹೇಳಿ ಸಾಕಾಗಿದೆ.

ಆ ಊರಿಂದ ಕಳೆದ ತಿಂಗಳು ಅವ್ವ ಬೆಂಗಳೂರಿಗೆ ಬಂದಿದ್ದಳು. ಬೆನ್ನುನೋವು. ಡಾಕ್ಟರು ಮಾತ್ರೆ ಬರೆದು, 'ರೆಸ್ಟ್ ತಗೊಳ್ಳಿ' ಅಂದರು. ರೆಸ್ಟ್ ಯಾವ ಅಂಗಡಿಯಲ್ಲಿ ಸಿಗುತ್ತೆ ಅಂತ ಅವ್ವನಿಗೆ ಗೊತ್ತಿಲ್ಲ. ನನಗೆ ಗೊತ್ತಿತ್ತು. ಆಫೀಸಿನವರು ಕೊಟ್ಟಿದ್ದ ಸ್ಪಾ ವೋಚರ್ ಫೋನಿನಲ್ಲೇ ಇತ್ತು, ಇಬ್ಬರಿಗೆ.

ಹೆಂಗಸರ ಸ್ಟೀಮ್ ರೂಮಿನಲ್ಲಿ ಆಗಲೇ ಮೂವರು ಕಣ್ಣುಮುಚ್ಚಿ ಕೂತಿದ್ದರು. ಅವ್ವ ಟವೆಲ್ಲನ್ನು ಸೆರಗಿನ ಹಾಗೆ ಹೊದ್ದು ಮೂಲೆ ಹಿಡಿದಳು. ಎರಡು ನಿಮಿಷ ಸುಮ್ಮನಿದ್ದು ಗಟ್ಟಿಯಾಗಿ ಕೇಳಿದಳು: "ಇಷ್ಟು ಉಗಿ ಬರಾಕತ್ತೈತಿ, ಒಲಿ ಎಲ್ಲೈತಿ? ನೀರು ಯಾರು ಕಾಸ್ಯಾರ?"

"ಗೋಡೆ ಹಿಂದೆ ಮಷೀನ್ ಐತವ್ವ, ಕರೆಂಟಿಂದು."

"ಅದನ್ನ ನೋಡಿಕೊಳ್ಳಾಕ ಒಬ್ಬರು ಇರಬೇಕಲ್ಲ?"

ಪಕ್ಕದವರು ನಕ್ಕರು. ನಾನೂ ನಕ್ಕೆ. ಆಮೇಲೆ ಆ ಬಿಸಿಯಲ್ಲಿ ಕೂತು ನೆನಪಾದದ್ದು ನಮ್ಮನೆಯ ಬಚ್ಚಲು.

ದೀಪಾವಳಿಗೆ ನೀರು ತುಂಬುವ ಹಬ್ಬದ ದಿನ ಅವ್ವ ಹಂಡೆ ತಿಕ್ಕಿ, ಸುಣ್ಣ-ಕೆಮ್ಮಣ್ಣಿನ ಗೆರೆ ಎಳೆದು, ನೀರು ತುಂಬಿಡುತ್ತಿದ್ದಳು. ಮರುದಿನ ನಸುಕಿಗೇ ಎದ್ದು ಹತ್ತಿಕಟ್ಟಿಗೆ ಒಟ್ಟಿ ಒಲೆ ಹಚ್ಚುತ್ತಿದ್ದಳು. ಹತ್ತಿಕಟ್ಟಿಗೆ ಭರ್ರ್ ಅಂತ ಉರಿದು ಬೇಗ ಆರಿಹೋಗುತ್ತೆ, ಅದರ ಮುಂದಿಂದ ಏಳುವ ಹಾಗೇ ಇಲ್ಲ. ಅಜ್ಜ, ಅಪ್ಪ, ಕಾಕಾ, ಆಮೇಲೆ ನಾವು ಐದು ಮಕ್ಕಳು ಸಾಲಾಗಿ. ಎಲ್ಲರ ತಲೆಗೂ ಎಣ್ಣೆ ಹಚ್ಚಿ, ಬೆನ್ನು ತಿಕ್ಕಿ, ಕಣ್ಣಿಗೆ ಸೀಗೆಪುಡಿ ಹೋಯ್ತು ಅಂತ ಅತ್ತವರನ್ನು ಗದರಿಸಿ ಎರೆಯುತ್ತಿದ್ದಳು. ಅವಳ ಸರದಿ ಬರುವಷ್ಟರಲ್ಲಿ ಹಂಡೆಯಲ್ಲಿ ನೀರು ತಳ ಕಂಡಿರುತ್ತಿತ್ತು, ಅಡುಗೆಮನೆ ಕರೆಯುತ್ತಿತ್ತು. ಅವ್ವನ ತಲೆಗೆ ಯಾರಾದರೂ ಎಣ್ಣೆ ಹಚ್ಚಿದ್ದನ್ನು ನಾನು ನೋಡಿದ ನೆನಪೇ ಇಲ್ಲ.

ಶಾಲೆಯಿಂದ ಹಂಪಿಗೆ ಹೋದಾಗ ರಾಣಿಯರ ಸ್ನಾನಗೃಹ ತೋರಿಸಿದ್ದರು. ಸುತ್ತ ಕಂದಕ, ಒಳಗೆ ಕಮಾನಿನ ಪಡಸಾಲೆ, ನಡುವೆ ಆಕಾಶಕ್ಕೆ ತೆರೆದ ದೊಡ್ಡ ಕೊಳ. ರಾಣಿಯರು ಇಲ್ಲಿ ಸ್ನಾನ ಮಾಡುತ್ತಿದ್ದರಂತೆ ಅಂತ ಬರೆದುಕೊಂಡು ಬಂದೆ. ಕೊಳ ತಿಕ್ಕಿ ತೊಳೆದವರು ಯಾರು ಅಂತ ಕೇಳಲಿಲ್ಲ. ರೋಮನ್ನರ ಸಾರ್ವಜನಿಕ ಸ್ನಾನಗೃಹಗಳಲ್ಲಿ ನೆಲದಡಿಯೇ ಬಿಸಿಗಾಳಿ ಹರಿಯುತ್ತಿತ್ತು. ಮೇಲೆ ಊರ ಮಂದಿ ಹರಟುತ್ತಿದ್ದರು, ಕೆಳಗೆ ಗುಲಾಮರು ಒಲೆಗೆ ಕಟ್ಟಿಗೆ ತುಂಬುತ್ತಿದ್ದರು. ಅವ್ವನ ಪ್ರಶ್ನೆ ಹಳೆಯದೇ.

ಸ್ಟೀಮ್ ಆದಮೇಲೆ ಮಸಾಜ್. ಹುಡುಗಿಗೆ ಹಿಂದಿ ಮಾತ್ರ ಬರುತ್ತಿತ್ತು. ಮುಗಿದ ಮೇಲೆ ಅವ್ವ ಅವಳ ಕೈ ಹಿಡಿದುಕೊಂಡು, "ಭಾಳ ಚಂದ ತಿಕ್ಕಿದಿ ಯವ್ವಾ. ನಿನ್ನ ಬೆನ್ನು ಯಾರು ತಿಕ್ಕತಾರ?" ಅಂದಳು. ನಾನು ಹಿಂದಿಯಲ್ಲಿ ಹೇಳಿದೆ. ಆ ಹುಡುಗಿ ಮೊದಲು ನಕ್ಕಳು. ಆಮೇಲೆ, "ಊರಿಗೆ ಹೋದರೆ ಅಮ್ಮ. ಹೋಗಿ ಎರಡು ವರ್ಷ ಆಯ್ತು" ಅಂದಳು. ಅವ್ವನಿಗೆ ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳಬೇಕಾಗಲಿಲ್ಲ.

ಕ್ಯಾಬಿನಲ್ಲಿ ಅವ್ವ ನನ್ನ ಭುಜದ ಮೇಲೆ ತಲೆಯಿಟ್ಟು ನಿದ್ದೆಹೋದಳು.

ಮುಂದಿನ ಭಾನುವಾರ ನಾನೇ ಕೊಬ್ಬರಿ ಎಣ್ಣೆ ಬಿಸಿಮಾಡಿ, ಗೀಸರ್ ಹಾಕಿ ಕರೆದೆ. "ಬ್ಯಾಡ ಬಿಡು, ವಾರವೆಲ್ಲ ದುಡಿದು ಸಾಕಾಗಿರತೈತಿ ನಿನಗ" ಅಂದಳು. ಒತ್ತಾಯ ಮಾಡಿ ಕೂರಿಸಿದೆ. ಇಪ್ಪತ್ತೆಂಟು ವರ್ಷದಲ್ಲಿ ಅವ್ವನ ಬೆನ್ನನ್ನು ನಾನು ಸರಿಯಾಗಿ ನೋಡಿದ್ದು ಅದೇ ಮೊದಲು. ಇಷ್ಟು ಸಣ್ಣದಾಗಿದೆ ಅಂತ ಗೊತ್ತಿರಲಿಲ್ಲ. ಮೊದಲ ಚೊಂಬು ನೀರು ಬಿದ್ದಾಗ, "ಬಿಸಿ ಹದಾ ಐತಿ ನೋಡು" ಅಂದಳು. ಅಷ್ಟೇ.

ಸ್ಪಾಗೆ ಹೋಗಬೇಡಿ ಅನ್ನಲ್ಲ, ನಾನೂ ಮತ್ತೆ ಹೋಗ್ತೀನಿ. ಆದರೆ ಈ ದೀಪಾವಳಿಗೆ ಊರಿಗೆ ಹೋದಾಗ ಸ್ವಲ್ಪ ಬೇಗ ಏಳಿ. ಒಲೆ ಮುಂದೆ ನೀವು ಕೂತ್ಕೊಳ್ಳಿ. ಹಂಡೆ ತುಂಬಿರುವಾಗಲೇ ಅವ್ವನನ್ನ ಕರೀರಿ.