ಹಳೇ ಕಂಪ್ಯೂಟರಿಗೆ ಚಳಿಯಲ್ಲ, ಬೆವರೇ ಶತ್ರು

ಕಳೆದ ಡಿಸೆಂಬರಿನಲ್ಲಿ ಮಡಿಕೇರಿಯ ಮನೆಯ ಅಟ್ಟದಿಂದ ನನ್ನ ಇಂಜಿನಿಯರಿಂಗ್ ಕಾಲದ ಸಿಪಿಯು ಇಳಿಸಿದೆ. ಅದರಲ್ಲಿ ಅಪ್ಪನ ಫೋಟೊಗಳಿದ್ದವು. ಅಟ್ಟದಲ್ಲಿ ಕೊರೆಯುವ ಚಳಿ, ಕೆಳಗೆ ಅಡುಗೆಮನೆಯಲ್ಲಿ ಕಡುಬಿನ ಹಬೆ. ಅಲ್ಲೇ ಪ್ಲಗ್ ಹಾಕಿ ಸ್ವಿಚ್ ಒತ್ತಿದೆ. ಚಟ್ ಅಂತ ಸದ್ದು, ಸುಟ್ಟ ವಾಸನೆ. ಓದಿದ್ದು ಎಲೆಕ್ಟ್ರಾನಿಕ್ಸ್ ಅಂತ ಹೇಳ್ಕೊಳ್ಳೋಕೂ ನಾಚಿಕೆಯಾಯಿತು. ಯಂತ್ರವನ್ನು ಕೆಡಿಸಿದ್ದು ಚಳಿಯಲ್ಲ, ನನ್ನ ಆತುರ. ಫ್ರಿಜ್‌ನಿಂದ ತೆಗೆದ ಮಜ್ಜಿಗೆ ಚೊಂಬು ಬೆವರುತ್ತದಲ್ಲ, ತಣ್ಣಗಿನ ಬೋರ್ಡಿನ ಮೇಲೂ ಹಾಗೇ ನೀರು ಕೂರುತ್ತದೆ.

ಈ ಮಾತು ಈಗೇಕೆ? 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ ನಿಲ್ಲಿಸಿತು. ಆಫೀಸು, ಕಾಲೇಜುಗಳಿಗೆ ಹಳೆಯದನ್ನು ಹೊರಹಾಕಲು ಇದೊಂದು ಕಾರಣ ಸಿಕ್ಕಿದೆ. 2022ರ ಇ-ತ್ಯಾಜ್ಯ ನಿಯಮಗಳಂತೆ ಅವನ್ನು ನೋಂದಾಯಿತ ಮರುಬಳಕೆ ಘಟಕಕ್ಕೆ ಕೊಡುವುದು ಸರಿಯೇ. ಆದರೆ ಒಂದನ್ನೂ ಉಳಿಸದೆ ಕೊಟ್ಟುಬಿಟ್ಟರೆ, ಫ್ಲಾಪಿ, ಟೇಪುಗಳಲ್ಲಿ ಉಳಿದ ಕಡತ ಓದೋದು ಯಾವುದರಲ್ಲಿ?

ಈ ಪ್ರಶ್ನೆ ನಾಸಾವನ್ನೂ ಕಾಡಿತ್ತು. 1966–67ರಲ್ಲಿ ಲೂನಾರ್ ಆರ್ಬಿಟರ್ ನೌಕೆಗಳು ಕಳಿಸಿದ ಚಂದ್ರನ ಚಿತ್ರಗಳ ಟೇಪುಗಳು ಉಳಿದಿದ್ದವು. ಅವನ್ನು ಓದಬಲ್ಲ ಆಂಪೆಕ್ಸ್ ಎಫ್‌ಆರ್-900 ಯಂತ್ರಗಳು ಮಾತ್ರ ಯಾರಿಗೂ ಬೇಡವಾಗಿದ್ದವು. ಕಡತ ನೋಡಿಕೊಳ್ಳುತ್ತಿದ್ದ ನ್ಯಾನ್ಸಿ ಇವಾನ್ಸ್ ಅವನ್ನು ತಮ್ಮ ಗ್ಯಾರೇಜಿನಲ್ಲಿ ವರ್ಷಗಟ್ಟಲೆ ಇಟ್ಟುಕೊಂಡರು. ಮುಂದೆ ಒಂದು ತಂಡ, ಮುಚ್ಚಿಹೋಗಿದ್ದ ಮೆಕ್‌ಡೊನಾಲ್ಡ್ಸ್ ಅಂಗಡಿಯಲ್ಲಿ ಕೂತು ಅವನ್ನು ರಿಪೇರಿ ಮಾಡಿತು. ಚಂದ್ರನಂಚಿನಿಂದ ಕಂಡ ಭೂಮಿಯ 1966ರ ಚಿತ್ರ 2008ರಲ್ಲಿ ಹೊಸ ಸ್ಪಷ್ಟತೆಯೊಂದಿಗೆ ಹೊರಬಂತು.

ಒಬ್ಬರ ಗ್ಯಾರೇಜನ್ನು ನಂಬಿಕೊಳ್ಳುವುದು ನೀತಿಯಲ್ಲ, ಅದೃಷ್ಟ. 'ಎಲ್ಲ ಕಾಪಿ ಮಾಡ್ಕೊಂಡ್ರೆ ಆಯ್ತಲ್ಲ' ಅನ್ನಬಹುದು. ಕಾಪಿ ಮಾಡೋಕೂ ಮೊದಲು ಓದಬೇಕಲ್ಲ ಸ್ವಾಮಿ! ನಮ್ಮ ರಾಜ್ಯ ಪತ್ರಾಗಾರ ಇಲಾಖೆ, ವಿಶ್ವವಿದ್ಯಾಲಯಗಳು ಪ್ರತಿ ತಲೆಮಾರಿನ ಒಂದೆರಡು ಯಂತ್ರಗಳನ್ನಾದರೂ ತಂಪಾದ, ಒಣಗಿದ ಕೋಣೆಯಲ್ಲಿ ಉಳಿಸಬೇಕು.

ಅದಕ್ಕೆ ದೊಡ್ಡ ಬಜೆಟ್ ಬೇಡ, ಶಿಸ್ತು ಸಾಕು. ಬ್ಯಾಟರಿ, ಸೆಲ್ ತೆಗೆಯಿರಿ. ಸೋರಿದರೆ ಬೋರ್ಡನ್ನೇ ತಿನ್ನುತ್ತವೆ. ಯಂತ್ರ ಚೆನ್ನಾಗಿ ಒಣಗಿದ ಮೇಲೆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ, ನೆಲಕ್ಕೆ ತಾಗದ ಹಾಗೆ ಇಡಿ. ಚಳಿ ಇರಲಿ, ಆದರೆ ಏರಿಳಿತ ಬೇಡ. ಟೇಪುಗಳನ್ನಂತೂ ಫ್ರೀಜರಿಗೆ ಹಾಕಲೇಬೇಡಿ. ಹೊರಗೆ ತಂದಾಗ ಚೀಲ ಬಿಚ್ಚದೆ ಒಂದು ದಿನ ಕಾಯಿರಿ. ಆಗ ನೀರು ಚೀಲದ ಹೊರಗೆ ಕೂರುತ್ತದೆ, ಬೋರ್ಡಿನ ಮೇಲಲ್ಲ.

ಅಪ್ಪನ ಫೋಟೊಗಳು? ಹಾರ್ಡ್ ಡಿಸ್ಕಿನ ಬೋರ್ಡೂ ಸುಟ್ಟಿತ್ತು. ಊರಿನ ರಿಪೇರಿ ಅಂಗಡಿಯವರು ಅದೇ ಮಾಡೆಲ್‌ನ ಕೆಟ್ಟ ಡಿಸ್ಕೊಂದರ ಬೋರ್ಡ್ ಬಿಚ್ಚಿ ಕೂರಿಸಿಕೊಟ್ಟರು. 'ಗುಜರಿಗೆ ಹಾಕೋಕೆ ಮನಸ್ಸು ಬಂದಿರಲಿಲ್ಲ ಸಾರ್' ಅಂದರು. ಫೋಟೊ ಎಲ್ಲಾ ಸಿಕ್ಕವು.